ಗರಿಮೀನು ಕೂಡದ ನೀರು

“ಎಂಟ ಅದಾವ್ರಿ, ಫೌಜದಾರ ಸಾಹೇಬ್ರ. ಸಂಶೆ ಇದ್ರ ನೀವ ಎಣಿಸಿ ನೋಡ್ರಿ.”

ಮಲ್ಲಕ್ಕ ಗಾಜಿಗೆ ಬೆರಳು ಹಚ್ಚಿ ಎಣಿಸಿದ್ದು ಇದು ಮೂರನೇ ಸಲ. ನಾನು ಬಂದದ್ದು ಮೀನು ಎಣಿಸುವುದಕ್ಕಲ್ಲ, ಹಿಡಿಯುವುದಕ್ಕೆ. ಹಿಂದೆ ಹವಾಲ್ದಾರ ಮೈಲಾರಪ್ಪ ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಚುರುಮುರಿ ಹುರಿಯುವವರ ದೊಡ್ಡ ಜರಡಿ ಹಿಡಿದುಕೊಂಡು ನಿಂತಿದ್ದ. ಕೋರ್ಟಿನ ಮುಂದೆ ಆರೋಪಿಯ ಜೊತೆ ಮುದ್ದೇಮಾಲೂ ಹೋಗಬೇಕಲ್ಲ. ನಮ್ಮ ಮುದ್ದೇಮಾಲಿಗೆ ಜೀವವಿತ್ತು, ಮೈತುಂಬ ವಿಷದ ಮುಳ್ಳಿದ್ದವು, ಮೇಲಾಗಿ ಅದಕ್ಕೆ ಸಮುದ್ರದ ನೀರೇ ಆಗಬೇಕಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ತಲೆಬೇನೆ ನನಗೆ ಗಂಟುಬಿದ್ದಿರಲಿಲ್ಲ.

“ಎಂಟಿದ್ರ ಎಂಟು. ಅದರಿಂದ ಏನಾತು?” ಎಂದೆ.

“ಬುಧವಾರ ಸಣ್ಣವು ಹನ್ನೊಂದು ಇದ್ದೂರಿ,” ಎಂದ ಮೈಲಾರಪ್ಪ.

“ಯಾರ ಹೇಳಿದ್ರು?”

“ನಾನ ಬರದೇನಲ್ರಿ ಪಂಚನಾಮ್ಯಾಗ. ಪಟ್ಟಿ ಮೀನು ಏಳು, ನೀಲಿ ಮೀನು ನಾಕು, ಗರಿಮೀನು ಒಂದು. ಖೋಲ್ಯಾಗ ಇದ್ದದ್ದು ಒಂದೂ ಬಿಡಬ್ಯಾಡ ಅಂದಿದ್ರಿ ನೀವು.”

ಹೌದು, ಅಂದಿದ್ದೆ. ಅವನು ಮೀನನ್ನೂ ಎಣಿಸಿ ಬರೆದದ್ದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನೂ ನಾನೇ. ಈಗ ನಗು ಬರಲಿಲ್ಲ. ಗಾಜಿನ ಹತ್ತಿರ ಮುಖ ಒಯ್ದು ನಾನೇ ಎಣಿಸಿದೆ. ಕಪ್ಪು ಪಟ್ಟೆಯವು ಐದು, ನೀಲಿಯವು ಮೂರು. ಎಲ್ಲವೂ ಎಡಮೂಲೆಯ ಹವಳದ ಕಲ್ಲಿನ ಹಿಂದೆ ಒಂದಕ್ಕೊಂದು ಅಂಟಿ ನಿಂತಿದ್ದವು. ಬಲಗಡೆ ಅರ್ಧ ಪೆಟ್ಟಿಗೆ ಖಾಲಿ. ಅಲ್ಲಿ ಗರಿಮೀನು ಒಂದೇ, ಕೆಂಪು ಬಿಳಿ ಗರಿಗಳನ್ನು ಬಿಚ್ಚಿಕೊಂಡು, ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು.

ಕಳೆದ ರವಿವಾರ ಮುಂಜಾನೆ ಇದೇ ಪೆಟ್ಟಿಗೆಯ ಮುಂದೆ ಅರಿಷಿಣದ ಮಡಿವಾಳೆಪ್ಪನವರು ಸತ್ತು ಬಿದ್ದಿದ್ದರು. ನಿನ್ನೆ, ಗುರುವಾರ ಸಂಜೆ ಐದಕ್ಕೆ, ಅವರಿಗೆ ಗೋವಾದಿಂದ ಸಮುದ್ರದ ನೀರನ್ನೂ ಮೀನನ್ನೂ ತಂದುಕೊಡುತ್ತಿದ್ದ ರೈಲ್ವೆ ಗ್ಯಾಂಗ್‌ಮನ್ ಹೊಳೆಪ್ಪನನ್ನು ನಾನು ಲಾಕಪ್ಪಿಗೆ ಹಾಕಿದ್ದೆ. ಬೇಕೆಂದೇ ವಿಷದ ಮೀನು ತಂದು ಮುದುಕರನ್ನು ಕೊಂದ ಎಂಬುದು ಅವನ ಮೇಲಿನ ಆರೋಪ. ಇವತ್ತು ಮೂರು ಗಂಟೆಯ ಬಸ್ಸಿಗೆ ಅವನನ್ನು ಧಾರವಾಡದ ಕೋರ್ಟಿಗೆ ಒಯ್ಯಬೇಕು. ಒಮ್ಮೆ ಜೈಲಿಗೆ ಹೋದನೆಂದರೆ ನೌಕರಿ ಹೋಯಿತು, ರೈಲ್ವೆಯ ಮನೆ ಹೋಯಿತು. ಅವನ ಹೆಂಡತಿ ಸಣ್ಣವ್ವ ನಿನ್ನೆಯಿಂದ ಠಾಣೆಯ ಕಟ್ಟೆ ಬಿಟ್ಟು ಎದ್ದಿರಲಿಲ್ಲ.

ಗಡಿಯಾರ ನೋಡಿದೆ. ಹತ್ತೂವರೆ.

“ಮಲ್ಲಕ್ಕ, ಈ ಮೂರು ಮೀನು ಎಲ್ಲಿ ಹೋದವು?”

ಮಲ್ಲಕ್ಕ ಆ ಮನೆಯ ಅಡಿಗೆಯವಳು. ಸತ್ತವರ ಹೆಂಡತಿಯ ಕಡೆಯ ದೂರದ ಸಂಬಂಧಿ, ಅರವತ್ತರ ಹೆಂಗಸು. ಆಕೆ ಸೆರಗು ಬಾಯಿಗೆ ಹಚ್ಚಿಕೊಂಡು ಗರಿಮೀನಿನ ಕಡೆ ಕಣ್ಣು ಮಾಡಿದಳು.

“ಆ ಮುಂಡೇದು ನುಂಗೇತ್ರಿ. ನಿನ್ನೆ ಹಾಡಹಗಲ ನನ್ನ ಕಣ್ಣ ಮುಂದನ ನುಂಗಿತು. ಬಾಯಿ ತಗದದ್ದ ಗೊತ್ತು, ಮೀನ ಇಲ್ಲ. ನಾ ಇಲ್ಲೆ ಕುಂತು ಅತ್ತೇನಿ.”

ನಾನು ಸ್ಟೂಲಿನ ಮೇಲೆ ಕುಳಿತೆ. ಎರಡು ದಿನಕ್ಕೆ ಮೂರು ಮೀನು. ಆದರೆ ಮಡಿವಾಳೆಪ್ಪನವರ ಅಣ್ಣನ ಮಗ ಈರಪ್ಪ ಬುಧವಾರ ಬರೆದುಕೊಟ್ಟ ಫಿರ್ಯಾದಿಯಲ್ಲಿ ಏನಿತ್ತು? ಹೊಳೆಪ್ಪ ಈ ಮೀನನ್ನು ತಂದು ಬಿಟ್ಟದ್ದು ಹದಿನೈದು ದಿನದ ಹಿಂದೆ ಎಂದಿತ್ತು.

ಹದಿನೈದು ದಿನ ಹಸಿದುಕೊಂಡಿದ್ದು, ಪೊಲೀಸರು ಬಂದುಹೋದ ಮೇಲೆ ಊಟಕ್ಕೆ ಕುಳಿತ ಮೀನೇ ಇದು?

“ಮಲ್ಲಕ್ಕ, ಈ ಗರಿಮೀನು ಮನಿಗೆ ಬಂದದ್ದು ಯಾವಾಗ?”

“ನನಗ ಗೊತ್ತಿಲ್ಲರಿ. ರವಿವಾರ ಮಣ್ಣು ಮಾಡಿ ಬಂದ ಮ್ಯಾಲೆ ನಾ ಈ ಖೋಲಿ ಬಾಗಲಾ ಹಾಯ್ದಿದ್ದಿಲ್ಲ. ಮೀನಿಗೆ ಹಿಟ್ಟು ಈರಪ್ಪನ ಹಾಕತಿದ್ದ. ಬುಧವಾರ ನಿಮ್ಮ ಜೋಡಿ ಒಳಗ ಬಂದಾಗ ನೋಡಿದೆ. ಅವರಿಲ್ಲದ ಖೋಲ್ಯಾಗ ಕಾಲಿಡಾಕ ಮನಸ ಒಪ್ಪಲಿಲ್ಲರಿ.”

“ಶನಿವಾರ ನೋಡಿದ್ದಿಲ್ಲ?”

“ಶನಿವಾರ ಇದ್ದಿದ್ದಿಲ್ಲ ಅಂತ ಅನಸ್ತೈತಿ. ಆದ್ರ ಕಲ್ಲಿನ ಸಂದ್ಯಾಗ ಇದ್ದೀತು ಅಂತ ಈರಪ್ಪ ಅಂದ. ನಾ ಅಡಿಗ್ಯಾಕಿ. ಮೀನಿನ ಸಂಗತಿ ಅವರ ವಹ್ಯಾಗ ನೋಡ್ರಿ.”

ಆಕೆ ಪೆಟ್ಟಿಗೆಯ ಕೆಳಗಿನ ಗೂಡಿನಿಂದ ಒಂದು ವಹಿ ತೆಗೆದುಕೊಟ್ಟಳು. ನೀಲಿ ರಟ್ಟು, ಉಪ್ಪುನೀರು ಕುಡಿದು ಉಬ್ಬಿದ ಹಾಳೆ. ಮೇಲೆ ದಪ್ಪ ಅಕ್ಷರದಲ್ಲಿ ‘ಬೀಗತನದ ವಹಿ’ ಎಂದು ಬರೆದಿತ್ತು.

ಮಡಿವಾಳೆಪ್ಪನವರನ್ನು ಬಲ್ಲವರಿಗೆ ಈ ಹೆಸರು ಸೋಜಿಗವಲ್ಲ. ಗೋವಾದ ಮುರಗಾವ ಬಂದರದಲ್ಲಿ ಮೂವತ್ತು ವರ್ಷ ಹಡಗೆಳೆಯುವ ದೋಣಿಗಳ ಇಂಜಿನ್ನು ನೋಡಿಕೊಂಡು, ನಿವೃತ್ತರಾಗಿ ಅಳ್ನಾವರಕ್ಕೆ ಬಂದವರು. ಹೆಂಡತಿ ಅಲ್ಲೇ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಎಂಟು ಅಡಿ ಉದ್ದದ ಗಾಜಿನ ಪೆಟ್ಟಿಗೆಯನ್ನು ತಾವೇ ಕೂಡಿಸಿ, ತಳಕ್ಕೆ ಹವಳದ ಕಲ್ಲು ಒಟ್ಟಿ, ಕರೆಂಟು ಹೋದಾಗ ನೀರಿಗೆ ಗಾಳಿ ಸಿಗಲಿ ಎಂದು ಲಾರಿಯ ಟ್ಯೂಬಿಗೆ ಸಣ್ಣ ನಳಿಗೆ ಜೋಡಿಸಿದ್ದರು. ಊರ ಜನ ಮೊದಮೊದಲು ನಕ್ಕರು. ಆಮೇಲೆ ಮದುವೆಗೆ ಬಂದ ಬೀಗರನ್ನು ಕರೆತಂದು ತೋರಿಸತೊಡಗಿದರು. ಹೆಣ್ಣು ಕೊಡುವಾಗ ಎಷ್ಟು ವಿಚಾರ ಮಾಡುತ್ತೇವೋ ಅಷ್ಟು ವಿಚಾರ ಮಾಡಿ ಒಂದು ಮೀನು ಬಿಡಬೇಕು ಎಂದು ಮುದುಕರು ಎಲ್ಲರಿಗೂ ಹೇಳುತ್ತಿದ್ದರು. ನನಗೂ ಹೇಳಿದ್ದರು. ನಾನು ಚಹಾ ಕುಡಿದು, ಹೂಂ ಹೂಂ ಎಂದು ಎದ್ದು ಬಂದಿದ್ದೆ.

ಈಗ ಓದಿದೆ.

ಮೊದಲ ಹಾಳೆಯಲ್ಲಿ ಹೀಗಿತ್ತು: “ಮೀನು ಮೊದಲು ಮನೆಗೆ ಕೂಡಬೇಕು, ಆಮೇಲೆ ನೀರಿಗೆ. ಈ ಮನೆಯೊಳಗೆ ಮಾಂಸ ಬರುವುದಿಲ್ಲ. ಹಿಟ್ಟು, ಸೊಪ್ಪು, ಕಲ್ಲಿನ ಪಾಚಿ ತಿಂದು ಬಾಳದ ಮೀನು ಎಷ್ಟೇ ಚಂದವಿರಲಿ, ನಮಗೆ ಬೇಡ.”

ಮುಂದೆ ಒಂದೊಂದು ಮೀನಿಗೆ ಒಂದೊಂದು ಹಾಳೆ. “ಚಿಟ್ಟೆಮೀನು: ಹವಳವನ್ನೇ ಕುಕ್ಕಿ ತಿನ್ನುತ್ತದೆ. ಇದ್ದ ಮನೆ ಕೆಡವುವ ಅಳಿಯ. ಬೇಡ.” ಇನ್ನೊಂದು ಕಡೆ: “ನೀಲಿ ಮೀನು ಸಿಟ್ಟಿನವು. ಎರಡೇ ಬಿಟ್ಟರೆ ಒಂದು ಇನ್ನೊಂದನ್ನು ಕೊಲ್ಲುತ್ತದೆ. ನಾಲ್ಕು ಬಿಟ್ಟರೆ ಸಿಟ್ಟು ಹಂಚಿಹೋಗುತ್ತದೆ. ಬಿಡುವಾಗ ಸಾಧು ಮೀನು ಮೊದಲು, ಜಗಳಗಂಟ ಕಡೆಗೆ. ಮೊದಲು ಬಂದವನು ಮನೆ ತನ್ನದೇ ಅನ್ನುತ್ತಾನೆ.”

ಸತ್ತ ಮನುಷ್ಯ ಬಾಜೂಕ್ಕೆ ಕುಳಿತು ಮಾತಾಡಿದ ಹಾಗೆ ಆಯಿತು. ಬದುಕಿದ್ದಾಗ ಇನ್ನೊಂದು ತಾಸು ಕೂಡ್ರಬಾರದಿತ್ತೇ ಎಂದು ಮನಸ್ಸು ಚುರ್ ಎಂದಿತು.

ಗರಿಮೀನಿನ ಹಾಳೆ ಹದಿನೇಳನೆಯದು. ೧೯೮೪ರ ತಾರೀಖು ಇತ್ತು. “ವಾಸ್ಕೋದ ಮೀನುಗಾರರ ಬಲೆಯಲ್ಲಿ ಕಂಡೆ. ಇಷ್ಟು ಚಂದದ ಮೀನು ನಾನು ನೋಡಿಲ್ಲ. ಬೆನ್ನ ಮುಳ್ಳಿನಲ್ಲಿ ವಿಷ. ಜೀವಂತ ಮೀನನ್ನೇ ನುಂಗುವ ಜಾತಿ. ನಮ್ಮಲ್ಲಿ ಬಿಟ್ಟರೆ ಎಂಟು ಹತ್ತು ದಿನಕ್ಕೆ ಅದೊಂದೇ ಉಳಿದೀತು. ಎಂದಿಗೂ ಬೇಡ.” ‘ಎಂದಿಗೂ’ ಎಂಬುದರ ಕೆಳಗೆ ಎರಡು ಗೆರೆ.

“ಮೈಲಾರಪ್ಪ,” ಎಂದೆ, “ನಿನ್ನ ಪಂಚನಾಮಿ ಮ್ಯಾಲೆ ನಾ ನಕ್ಕಿದ್ನಲ್ಲ, ತಪ್ಪಾತಪಾ.”

ಅವನು ಕ್ಯಾನು ಕೆಳಗಿಟ್ಟು ಸೆಲ್ಯೂಟ್ ಹೊಡೆಯಲು ಹೋಗಿ, ಜರಡಿ ಹಣೆಗೆ ಬಡಿಸಿಕೊಂಡ.

ಈ ಮೀನನ್ನು ಮುದುಕರು ತರಿಸಿರಲಾರರು. ಅವರಿಗೆ ಗೊತ್ತಿಲ್ಲದೆ ಹೊಳೆಪ್ಪ ತಂದು ಬಿಟ್ಟಿದ್ದರೂ ಹದಿನೈದು ದಿನ ಅವರ ಕಣ್ಣಿಗೆ ಬೀಳದೆ ಇರಲಾರದು. ಬಿದ್ದಿದ್ದರೆ ಅವತ್ತೇ ಅದು ಹೊರಗೆ. ಸಣ್ಣ ಮೀನು ಅಷ್ಟೂ ಬುಧವಾರ ಜೀವಂತ ಇದ್ದವೆಂದ ಮೇಲೆ ಗರಿಮೀನು ನೀರಿಗೆ ಬಿದ್ದದ್ದು ಅದರ ಹಿಂದುಮುಂದೆಯೇ. ಆ ಹೊತ್ತಿಗೆ ಮಡಿವಾಳೆಪ್ಪನವರು ಮಣ್ಣಿನಲ್ಲಿದ್ದರು.

ಮತ್ತೆ ಅವರನ್ನು ಚುಚ್ಚಿದ್ದು ಏನು?

“ಮಲ್ಲಕ್ಕ, ಅವರ ಕೈ ಬಾತಿತ್ತು ಅಂತ ಈರಪ್ಪ ಬರದಾನ. ನೀ ನೋಡಿದೇನು?”

“ನೋಡಿದ್ನಿರಿ. ಎಡಗೈ. ಮುಂಗೈ ಹಸರಗಟ್ಟಿ ಹಿಂಗ ಉಬ್ಬಿತ್ತು.”

“ಎಡಗೈ? ಖರೇನ?”

“ಖರೇನ್ರಿ. ಯಾಕ್ರಿ?” ಎಂದವಳು ತಾನೇ ಥಟ್ಟನೆ ನಿಂತಳು. ಕಣ್ಣು ಅಗಲವಾದವು. “ಯಪ್ಪಾ ಶಿವನ. ಅವರು ಎಡಗೈ ಪೆಟ್ಟಿಗ್ಯಾಗ ಹಾಕತಿದ್ದಿಲ್ಲರೀ.”

“ಅಂದ್ರ?”

“ಲಿಂಗ ಹಿಡಿಯೂ ಕೈ ಅಂತಿದ್ರು. ಪೂಜಿ ಮಾಡಿಕೊಳ್ಳೂ ಅಂಗೈ ಮೀನಿನ ನೀರಾಗ ಅದ್ದೂದಿಲ್ಲ ಅಂತ. ಕಲ್ಲು ಸರಿಸಲಿ, ಗಾಜು ಒರಸಲಿ, ಎಲ್ಲಾ ಬಲಗೈಲೆ. ಎಡಗೈ ಹಿಂಗ ಕರಡಿಗಿ ಮ್ಯಾಲೆ.” ಆಕೆ ತನ್ನ ಎಡಗೈಯನ್ನು ಎದೆಗೆ, ಲಿಂಗದ ಕರಡಿಗೆ ಇರುವ ಜಾಗಕ್ಕೆ ಒತ್ತಿ ತೋರಿಸಿದಳು. “ಏಳು ವರ್ಷದಾಗ ನಾ ಒಮ್ಮೆರ ಬ್ಯಾರೆ ನೋಡಿಲ್ಲ.”

ಏನೂ ಅರಿಯದ ಬಡವನೊಬ್ಬನನ್ನು ನಾನು ಕತ್ತಲು ಖೋಲಿಗೆ ತಳ್ಳಿ ಬಂದಿದ್ದೆ.

ಅವನನ್ನು ಹಿಡಿಯಲು ನನಗೆ ಸಿಕ್ಕ ಕಾರಣವಾದರೂ ಎಂಥದ್ದು? ಮೂರು ವಾರದ ಹಿಂದೆ ಘಟ್ಟದಲ್ಲಿ ಗಾಡಿ ಕುಲುಕಿ ಒಂದು ಕ್ಯಾನು ಉರುಳಿತಂತೆ. ಮುದುಕರು ಬೈದಾರೆಂದು ಹೆದರಿ ಹೊಳೆಪ್ಪ ಸ್ಟೇಷನ್ ನಳದ ನೀರು ತುಂಬಿ, ಅಂಗಡಿಯ ಅಡಿಗೆ ಉಪ್ಪು ಕಲಸಿ ತಂದುಕೊಟ್ಟ. ಉಪ್ಪಾದರೆ ಸಮುದ್ರವಾಯಿತು ಎಂದು ಅವನ ಲೆಕ್ಕ. ನಾಲ್ಕು ಮೀನು ಸತ್ತವು. ಮಡಿವಾಳೆಪ್ಪನವರು ಪ್ಲಾಟ್‌ಫಾರ್ಮಿನ ಮೇಲೆ ಹತ್ತು ಜನರ ಮುಂದೆ ಅವನ ಮಾನ ಕಳೆದರು. ಅದೇ ದ್ವೇಷ ಎಂದು ನಾನು ಬರೆದೆ. ಬರೆಯುವುದಕ್ಕೆ ಐದು ನಿಮಿಷ ಹಿಡಿದಿರಲಿಲ್ಲ.

“ಮೈಲಾರಪ್ಪ, ಈರಪ್ಪನ ಅಂಗಡಿಗೆ ಹೋಗು. ಇದ್ದ ಕಾಲಮ್ಯಾಲೆ ಕರಕೊಂಡು ಬಾ.”

*

ಈರಪ್ಪನದು ಗೊಬ್ಬರದ ಅಂಗಡಿ. ಮೂವತ್ತೈದರ ಗಂಡಸು, ತೆಳ್ಳಗೆ, ಹಣೆಗೆ ಮೂರು ಬೆರಳು ವಿಭೂತಿ. ಅಂಗಿಯ ತೋಳಿಗೆ ಯೂರಿಯಾದ ಬಿಳಿ ಧೂಳು ಹತ್ತಿತ್ತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಕಡೆ ನೋಡದೆ ಗೋಡೆಗೆ ಆತು ನಿಂತ.

“ಮೀನು ಹಿಡದ್ರೇನ್ರಿ?” ಎಂದ.

“ಹಿಡೀಬೇಕು. ಅದಕ್ಕೂ ಮೊದಲ ನಿನ್ನ ಕೇಳೂದೈತಿ. ಈ ಮೀನು ಏನ ತಿಂತೈತಿ, ಈರಪ್ಪ?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಎಲ್ಲಾ ಮೀನು ಏನ ತಿಂತಾವೋ ಅದನ್ನ ತಿಂತೈತ್ರಿ. ಅಕ್ಕಿ ಹಿಟ್ಟು, ಪಾಲಕ ಸೊಪ್ಪು.”

“ಯಾರ ಹೇಳಿದ್ರು?”

“ಯಾರ ಹೇಳಬೇಕ್ರಿ? ಕಾಕಾ ಅದನ್ನ ಹಾಕತಿದ್ದ. ನಮ್ಮ ಮನ್ಯಾಗಿನ ಮೀನಿಗೆ ಬ್ಯಾರೆ ಗೊತ್ತ ಇಲ್ಲ.”

“ಎಣಿಸಿ ನೋಡು.”

“ಏನ?”

“ಸಣ್ಣ ಮೀನು. ಬುಧವಾರ ಹನ್ನೊಂದು ಇದ್ದೂ. ಪಂಚನಾಮಿಗೆ ನೀನ ಸಹಿ ಮಾಡಿದಿ.”

ಅವನು ಬಗ್ಗಿ ಎಣಿಸಿದ. ತುಟಿ ಅಲುಗುತ್ತಿತ್ತು. ಎಂಟಕ್ಕೆ ಬಂದು ನಿಂತು, ಮತ್ತೆ ಮೊದಲಿನಿಂದ ಎಣಿಸಿದ. ಆಗ ಗರಿಮೀನು ಮೆಲ್ಲಗೆ ತಿರುಗಿ ಕಲ್ಲಿನ ಕಡೆ ಮುಖ ಮಾಡಿತು. ಕಲ್ಲಿನ ಹಿಂದಿನ ಗುಂಪು ಒಮ್ಮೆಲೇ ಒಳಗೆ ಸರಿಯಿತು. ಹುಟ್ಟಾ ಮಾಂಸದ ವಾಸನೆ ಕಾಣದ ಮನೆಯ ಮಗ ಅವನು. ಇಷ್ಟು ಚಂದದ್ದು, ಇಷ್ಟು ಮೆಲ್ಲಗಿನದು, ಇದ್ದವರನ್ನೇ ತಿನ್ನುತ್ತದೆ ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

“ಹದಿನೈದು ದಿನದಿಂದ ಈ ಮೀನು ಇಲ್ಲಿದ್ರ ಇವು ಒಂದೂ ಉಳೀತಿದ್ದಿಲ್ಲ,” ಎಂದೆ. “ನಿಮ್ಮ ಕಾಕಾನ ಕೈಬರಹದಾಗ ಐತಿ. ಓದ್ಲೇನು?”

ಅವನು ಗಾಜಿನಿಂದ ಹಿಂದೆ ಸರಿದು ಮತ್ತೆ ಗೋಡೆಗೆ ಆತು ನಿಂತ.

“ನಿಮ್ಮ ಕಾಕಾ ಎಡಗೈ ಈ ನೀರಾಗ ಹಾಕತಿದ್ದಿಲ್ಲ. ಅದೂ ನಿನಗ ಗೊತ್ತಿರಲಿಲ್ಲ. ಸುಳ್ಳ ಹೇಳಾಂವ ಪೂರಾ ತಿಳಕೊಂಡರ ಹೇಳಬೇಕಪಾ.”

“ಸಾಹೇಬ್ರ...”

“ಮೀನು ಯಾವತ್ತ ಬಿಟ್ಟಿ?”

“ಮಂಗಳವಾರ ಸಂಜೀಕ.”

ಅಷ್ಟು ಬೇಗ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ. ಮಲ್ಲಕ್ಕ “ಅಯ್ಯ ನನ್ನ ಶಿವನ!” ಎಂದು ಗೋಡೆ ಹಿಡಿದುಕೊಂಡಳು.

“ಕಾಕಾನ ಕೊಂದು, ಮ್ಯಾಲೆ ಮೀನಿನ ಹೆಸರ ಹೇಳಿದಿ. ಹೌದಲ್ಲೋ?”

ಅವನ ಮುಖ ಕೆಂಪಾಯಿತು. ಗೋಡೆ ಬಿಟ್ಟು ನನ್ನ ಮುಂದೆ ಬಂದು ನಿಂತ. ಮೈಲಾರಪ್ಪ ಒಂದು ಹೆಜ್ಜೆ ಮುಂದಿಟ್ಟ.

“ರವಿವಾರ ಮಧ್ಯಾಹ್ನ ನಾ ನಿಮ್ಮ ಠಾಣಾಕ್ಕ ಬಂದಿದ್ದೆ. ನೆನಪೈತೇನ್ರಿ ಸಾಹೇಬ್ರ?”

ನೆನಪಿತ್ತು.

“ಕಾಕಾನ ಕೈ ಬಾತೈತಿ, ಬಂದು ನೋಡ್ರಿ ಅಂದೆ. ನೀವು ಊಟಕ್ಕ ಎದ್ದಿದ್ರಿ. ಡಾಕ್ಟರ ಎದಿ ನಿಂತು ಸತ್ತಾರ ಅಂತ ಬರದಾರಲ್ಲೋ, ವಯಸ್ಸಾದವರು, ಹೊತ್ತು ಮುಳಗೂದ್ರಾಗ ಮಣ್ಣ ಮಾಡ್ರಿ ಅಂದ್ರಿ. ಅಂದ್ರೋ ಇಲ್ಲೋ?”

“ಅಂದೆ.”

“ಕೂಡ್ರಿಸಿ ಮಣ್ಣು ಮಾಡೂ ಮುಂದ ಸ್ವಾಮ್ಗಳು ಎಡಗೈಯಾಗ ಲಿಂಗ ಇಟ್ರು. ಬೆರಳು ಮುಚ್ಚಲಿಲ್ಲರಿ. ಬಾವು ಅಷ್ಟಿತ್ತು. ಲಿಂಗ ಎರಡ ಸಲ ಜಾರಿ ಕೆಳಗ ಬಿತ್ತು. ಕಡೀಕ ಬಿಳಿ ಅರಿವಿ ಸುತ್ತಿ ಕಟ್ಟಿದ್ವಿ.” ಅವನು ತನ್ನ ಎಡಗೈ ಬಿಚ್ಚಿ ನೋಡಿಕೊಂಡ. “ಜೀವನಪೂರ್ತಿ ಹಿಡಕೊಂಡ ಲಿಂಗ ಸತ್ತ ಮ್ಯಾಲೆ ಕೈಯಾಗ ನಿಲ್ಲಲಿಲ್ಲ. ಅದನ್ನ ನೋಡಿ ನಾ ಸುಮ್ಮನ ಕೂಡಬೇಕಿತ್ತೇನ್ರಿ?”

“ಅದಕ್ಕ?”

“ಎದಿ ನಿಂತು ಸತ್ತಾರ ಅಂದ್ರ ನೀವು ಬರೂದಿಲ್ಲ. ವಿಷ ಅಂದ್ರ ಬರ್ತೀರಿ. ಅದಕ್ಕ ಮೀನು ಬಿಟ್ಟೆ. ಬರ್ತೀರಿ, ವಿಚಾರ ಮಾಡ್ತೀರಿ, ಕುಣಿ ತಗಿಸಿ ಕೈ ನೋಡ್ತೀರಿ ಅಂತ ತಿಳಕೊಂಡೆ. ನೀವು ಏನ ಮಾಡಿದ್ರಿ? ಮೀನು ತರಾಂವ ಯಾರು ಅಂದ್ರಿ. ಹೊಳೆಪ್ಪ ಅಂದೆ. ಅವನ್ನ ಹಿಡದು ಒಗದ್ರಿ. ಮುಗೀತು.”

ನನ್ನ ಮೈಮೇಲಿನ ಖಾಕಿ ನನಗೇ ಭಾರವಾಯಿತು.

“ಅಂವ ಬಡವ. ಹದಿನೈದು ದಿನ ಅಂತ ನೀ ಸುಳ್ಳ ಬರದಿ,” ಎಂದೆ. ನನ್ನ ದನಿ ನಾನೆಣಿಸಿದಷ್ಟು ಗಟ್ಟಿಯಾಗಿ ಬರಲಿಲ್ಲ.

“ಬರದೆ. ತಪ್ಪು ನಂದು. ನಿನ್ನೆ ರಾತ್ರಿಯಿಂದ ನೀರು ಸುದ್ಧಾ ಇಳದಿಲ್ಲರಿ ಗಂಟಲದಾಗ.”

“ಮೀನು ಎಲ್ಲಿಂದ ತರಿಸಿದಿ?”

ಈರಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ.

“ಹೊಳೆಪ್ಪನ ತಂದುಕೊಟ್ಟನಲ್ರಿ. ಕಾಕಾನ ಪೆಟ್ಟಿಗಿ ನಾ ನಡಸ್ತೀನಿ, ಗೋವಾದಾಗ ಯಾವದರ ವಿಷದ ಮೀನು ಸಿಕ್ಕರ ತಗೊಂಡು ಬಾ ಅಂದೆ. ಮಂಗಳವಾರ ಸಂಜೀ ಗಾಡಿಗೆ ತಂದ. ಕ್ಯಾನು ನನ್ನ ಕೈಯಾಗ ಕೊಟ್ಟು, ಹುಷಾರರಿ ಚುಚ್ಚತೈತಿ ಅಂದ. ಅಂವ ನಿಮಗ ಹೇಳಿಲ್ಲೇನು?”

ಇಲ್ಲ. ನಿನ್ನೆ ಸಂಜೆ ಎರಡು ತಾಸು ನಾನು ಹೊಳೆಪ್ಪನ ಎದುರು ಕುಳಿತಿದ್ದೆ. ಮೀನು ನೀನೇ ತಂದೆಯಾ ಎಂದರೆ ಹೌದು ಎಂದಿದ್ದ. ಯಾವಾಗ ಎಂದರೆ ತಲೆ ತಗ್ಗಿಸಿದ್ದ. ಹದಿನೈದು ದಿನ ಆಯಿತೇ ಎಂದರೆ ನೀವು ಹೇಳಿದ ಹಾಗೆ ಎಂದಿದ್ದ. ‘ಮಂಗಳವಾರ’ ಎಂಬ ಒಂದೇ ಮಾತು ಅವನನ್ನು ಬಿಡಿಸುತ್ತಿತ್ತು. ಸತ್ತವರನ್ನು ಎರಡು ದಿನದ ಮೇಲೆ ತಂದ ಮೀನು ಕೊಲ್ಲುವುದಿಲ್ಲ. ಇದು ತಿಳಿಯದಷ್ಟು ದಡ್ಡನಲ್ಲ ಹೊಳೆಪ್ಪ.

ಮೈಲಾರಪ್ಪ ಜರಡಿಯಿಂದ ಗರಿಮೀನನ್ನು ಎತ್ತಿ ಕ್ಯಾನಿಗೆ ಹಾಕಲು ಅರ್ಧ ತಾಸು ಹೆಣಗಿದ. ಅದು ಹೋದ ಮೇಲೂ ಆ ಎಂಟು ಮೀನು ಬಹಳ ಹೊತ್ತು ಕಲ್ಲು ಬಿಟ್ಟು ಬರಲಿಲ್ಲ. ಮಲ್ಲಕ್ಕ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬರ್ರಿ ನಮ್ಮವ್ವಗಳ, ಹೋತು ಬರ್ರಿ ಎಂದು ಕರೆಯುತ್ತಿದ್ದಳು.

*

ಠಾಣೆಗೆ ಬಂದಾಗ ಒಂದೂಮುಕ್ಕಾಲು. ಕಟ್ಟೆಯ ಮೇಲೆ ಸಣ್ಣವ್ವ ಕುಳಿತೇ ಇದ್ದಳು. ರೊಟ್ಟಿ ಗಂಟು ಬಿಚ್ಚಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತಳು.

“ಬಸ್ಸಿಗೆ ಒಯ್ತೀರೇನ್ರಿ?”

“ಇಲ್ಲ. ಬಿಡ್ತೀನಿ. ಆ ಮೀನು ಕೊಂದಿಲ್ಲ,” ಎಂದೆ.

ಆಕೆ ಕೈಮುಗಿಯಬಹುದು, ಅಳಬಹುದು ಎಂದುಕೊಂಡಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ. ಕಂಬಕ್ಕೆ ಕೈಕೊಟ್ಟು ಹಾಗೇ ನಿಂತಳು. ಬಿಡುಗಡೆಯ ಸುದ್ದಿ ಕೇಳಿದವರ ಮುಖ ಹಾಗಿರುವುದಿಲ್ಲ.

ಒಳಗೆ ಹೊಳೆಪ್ಪನನ್ನು ಲಾಕಪ್ಪಿನಿಂದ ಹೊರಗೆ ತರಿಸಿ ನನ್ನ ಟೇಬಲ್ಲಿನ ಮುಂದೆ ಕೂಡ್ರಿಸಿದೆ. ಹಳಿಯ ಕೆಲಸ ಮಾಡಿ ಗಟ್ಟಿಯಾದ ಮೈ. ಒಂದೇ ರಾತ್ರಿಗೆ ಹೆಗಲು ಇಳಿದಿದ್ದವು. ನಾನು ಹಾಳೆ ತೆಗೆದು ಪೆನ್ನಿನ ಟೊಪ್ಪಿಗೆ ಬಿಚ್ಚಿದೆ.

“ಹೊಳೆಪ್ಪ, ನಾ ತಪ್ಪ ಮಾಡೀನಿ. ಈರಪ್ಪ ಎಲ್ಲಾ ಹೇಳ್ಯಾನ. ಮೀನು ನೀ ತಂದದ್ದು ಮಂಗಳವಾರ. ಒಂದ ಮಾತು ಹೇಳು, ಬರಕೊಂಡು ಬಿಡ್ತೀನಿ. ಮನಿಗೆ ಹೋಗು.”

“ಹದಿನೈದ ದಿನ ಆತ್ರಿ,” ಎಂದ ಅವನು.

“ಏನಂದಿ?”

“ಮೀನು ತಂದು ಹದಿನೈದ ದಿನ ಆತ್ರಿ ಸಾಹೇಬ್ರ. ನಾನ ತಂದೆ. ನಾನ ಬಿಟ್ಟೆ. ಅವರು ನನಗ ಬೈದಿದ್ರು, ಆ ಸಿಟ್ಟಿಗೆ ಮಾಡಿದೆ. ಹಂಗ ಬರಕೊಳ್ರಿ.”

“ಲೇ, ತಲಿ ಕೆಟ್ಟೈತೇನು? ಜೈಲ ಆಕ್ಕೈತಿ.”

“ಆಗಲ್ರಿ.”

“ನೌಕರಿ ಹೋಕ್ಕೈತಿ. ಹೆಂಡ್ತಿ ಬೀದಿಗೆ ಬೀಳ್ತಾಳ.”

ಅವನ ಕಣ್ಣು ಒಮ್ಮೆ ಬಾಗಿಲ ಕಡೆ ಹೋಗಿ ಬಂತು. ಎದ್ದು ಬಂದು, ಟೇಬಲ್ಲಿನ ಮೇಲಿದ್ದ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಇಂಥ ಜಾಗದಲ್ಲಿ ಎಷ್ಟೋ ಜನ ನನ್ನ ಕೈಕಾಲು ಹಿಡಿದಿದ್ದಾರೆ. ನನ್ನನ್ನು ಬಿಡಬೇಡಿ ಎಂದು ಹಿಡಿದವನನ್ನು ಅವತ್ತೇ ಮೊದಲು ನೋಡಿದ್ದು.

“ಮಂಗಳವಾರ ಅಂತ ಬರಿಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಮೀನು ಚುಚ್ಚಿಲ್ಲ ಅಂದ್ರ ಮತ್ತ ಏನ ಚುಚ್ಚೇತಿ ಅಂತ ಕೇಳ್ತೀರಿ. ರವಿವಾರ ಆ ಮನಿಗೆ ಯಾರ ಹೋಗಿದ್ರು ಅಂತ ಕೇಳ್ತೀರಿ. ಕೇಳಬ್ಯಾಡ್ರಿ. ನನ್ನ ಒಯ್ರಿ. ಬಸ್ಸಿನ ಹೊತ್ತಾತು.”

“ಯಾರ ಹೋಗಿದ್ರು, ಹೊಳೆಪ್ಪ?”

“ನಾ ಹೋಗಿದ್ನಿರಿ.”

ಮಾತು ಬಾಗಿಲಿನಿಂದ ಬಂತು. ಸಣ್ಣವ್ವ ಹೊಸ್ತಿಲು ದಾಟಿ ಒಳಗೆ ನಿಂತಿದ್ದಳು. ಹೊಳೆಪ್ಪ “ಬ್ಯಾಡ, ಬ್ಯಾಡಬೇ! ಹೊರಗ ನಡಿ!” ಎಂದು ಕೂಗಿ ಆಕೆಯ ಕಡೆ ಓಡಿದ. ಮೈಲಾರಪ್ಪ ಅವನನ್ನು ನಡುವಿಗೆ ಕೈಹಾಕಿ ಹಿಡಿದ.

ಆಕೆ ಗಂಡನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಹನ್ನೊಂದು ವರ್ಷದಿಂದ ಆಕೆ ಈ ಊರ ದವಾಖಾನೆಯಲ್ಲಿ ಕಸ ಹೊಡೆಯುತ್ತಾಳೆ, ಸೂಜಿ ಕುದಿಸಿ ಇಡುತ್ತಾಳೆ. ಡಾಕ್ಟರಿಗೆ ಕೈಬಿಡುವಿಲ್ಲದಾಗ ಅರ್ಧ ಊರು ಆಕೆಯ ಕೈಯಿಂದಲೇ ಸೂಜಿ ಮಾಡಿಸಿಕೊಂಡಿದೆ. ನಾನೂ ಮಾಡಿಸಿಕೊಂಡಿದ್ದೇನೆ. ರವಿವಾರ ಆ ಮನೆಗೆ ಬಂದುಹೋದವರ ಯಾದಿ ಮಾಡುವಾಗ ಈಕೆಯ ಹೆಸರು ಯಾರ ಬಾಯಿಗೂ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ. ಕಸ ಹೊಡೆಯುವವಳು ಬಂದದ್ದನ್ನು ಬಂದದ್ದು ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

“ನಸುಕಿನ್ಯಾಗ ಹೋಗಿದ್ನಿರಿ. ಮಲ್ಲಕ್ಕ ಎದ್ದಿದ್ದಿಲ್ಲ. ಅವರ ಎಡಗೈಗೆ ಸೂಜಿ ಮಾಡಿದಾಕಿ ನಾನ,” ಎಂದಳು. “ಶಕ್ತಿದು ಐತಿ, ನರಕ್ಕ ಮಾಡಿ ಬಾ ಅಂತ ತುಂಬಿದ ಸೂಜಿ ನನ್ನ ಕೈಯಾಗ ಕೊಟ್ಟು ಕಳಸಿದ್ರು. ಅರ್ಧಾ ಹೋಗೂದ್ರಾಗ ಅವರು ಕೈ ಕಿತ್ತಗೊಂಡ್ರು. ಸಣ್ಣವ್ವ, ಏನ ಹಾಕಿದೀ ಅಂದ್ರು. ಅಷ್ಟ. ಮತ್ತ ಮಾತಾಡಲಿಲ್ಲರಿ. ಹೆದರಿ ಓಡಿ ಬಂದೆ.”

ಹೊಳೆಪ್ಪ ಮೈಲಾರಪ್ಪನ ತೋಳಿನಲ್ಲಿ ಕುಸಿದು, ನೆಲಕ್ಕೆ ಕುಳಿತು ದನಿ ತೆಗೆದು ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ.

“ಕಳಸಿದವರು ಯಾರು? ಡಾಕ್ಟರೇನು?”

ಆಕೆ ಅಲ್ಲವೆಂದು ತಲೆಯಾಡಿಸಿದಳು. ಟೇಬಲ್ಲಿನ ಮೇಲಿನ ಖಾಲಿ ಹಾಳೆಯನ್ನೂ ನನ್ನ ಕೈಯಲ್ಲಿದ್ದ ಪೆನ್ನನ್ನೂ ನೋಡಿದಳು.

“ಹೆಸರ ಹೇಳ್ತೀನ್ರಿ. ನನಗೇನ ಹೆದರಿಕಿ ಉಳದಿಲ್ಲ. ಬರಕೊಳ್ಳಾಕ ನಿಮಗ ಧೈರ್ಯ ಐತೇನು?”